ಹ್ಯಾಲ್ ಮುಚ್ಚಿಡಬೇಕಾದ್ದು, ಮುಚ್ಚಿಡಬಾರದ್ದು

ಬೆಂಗಳೂರಿನವರಿಗೆ ಎಚ್‌ಎಎಲ್ ಅಂದರೆ ವಿಮಾನದ ಕಾರ್ಖಾನೆ. 1940ರ ಡಿಸೆಂಬರ್‌ನಲ್ಲಿ ಮೈಸೂರು ಸರ್ಕಾರದ ಜೊತೆ ಸೇರಿ ಅದನ್ನು ಶುರು ಮಾಡಿದ ವಾಲ್‌ಚಂದ್ ಹೀರಾಚಂದ್ ಸೊಲ್ಲಾಪುರದವರು ಅಂತ ನನಗೆ ಗೊತ್ತಾಗಿದ್ದು ಪುಣೆಗೆ ಬಂದ ಮೇಲೆ. ಇಲ್ಲೇ ಪಿಂಪ್ರಿಯಲ್ಲಿ ಇನ್ನೊಂದು ಎಚ್‌ಎಎಲ್ ಇದೆ, ಹಿಂದೂಸ್ತಾನ್ ಆ್ಯಂಟಿಬಯಾಟಿಕ್ಸ್. 1954ರಲ್ಲಿ ಪೆನಿಸಿಲಿನ್ ತಯಾರಿಸಲು ಹುಟ್ಟಿದ್ದು. ಆ ಕಡೆಯ ಜನ ಕೊನೆಯ ಎಲ್ ಬಿಟ್ಟು ‘ಎಚ್‌ಎ ಕಂಪನಿ’ ಅಂತಲೇ ಅನ್ನುತ್ತಾರೆ.

ಇವತ್ತು ಬರೆಯೋಕೆ ಕೂತಿದ್ದು ಇವೆರಡರ ಬಗ್ಗೆ ಅಲ್ಲ. ಅಕ್ಷರ ಬಿಡಿಸದೆ ‘ಹ್ಯಾಲ್’ ಅಂತ ಕರೆಯುವ ಇನ್ನೆರಡು ಇವೆ. ಒಂದು ಕಥೆಯಲ್ಲಿದೆ, ಇನ್ನೊಂದು ನನ್ನ ಹೊಟ್ಟೆಪಾಡು. ಹಿಂಜೇವಾಡಿಯಲ್ಲಿ ಕೂತು ಎಲೆಕ್ಟ್ರಿಕ್ ಸ್ಕೂಟರ್ ಬ್ಯಾಟರಿಗಳ ಮೇಲೆ ಕಣ್ಣಿಡುವ ಬೋರ್ಡ್‌ಗೆ ನಾನು ಸಾಫ್ಟ್‌ವೇರ್ ಬರೆಯುತ್ತೇನೆ.

ನಮ್ಮ ಟೀಮಿಗೆ ಹೊಸದಾಗಿ ಬಂದ ಬಾಗಲಕೋಟೆಯ ಹುಡುಗ ಒಂದಿನ ಊಟದ ಹೊತ್ತಲ್ಲಿ ಕೇಳಿದ, “ಅಕ್ಕಾ, ಆ ಸಿನಿಮಾದಾಗಿನ ಹ್ಯಾಲ್‌ಗೂ ನಮ್ಮ ಹ್ಯಾಲ್‌ಗೂ ಏನರ ಸಂಬಂಧ ಐತೇನ್ರಿ?” ಅಕ್ಷರ ಬಿಡಿಸಿದರೆ ಏನೂ ಇಲ್ಲ ಅಂದೆ. ಸಿನಿಮಾದ್ದು ಹ್ಯೂರಿಸ್ಟಿಕಲಿ ಪ್ರೋಗ್ರಾಮ್ಡ್ ಆಲ್ಗರಿದಮಿಕ್ ಕಂಪ್ಯೂಟರ್. ನಮ್ಮದು ಹಾರ್ಡ್‌ವೇರ್ ಅಬ್‌ಸ್ಟ್ರ್ಯಾಕ್ಷನ್ ಲೇಯರ್. ಆದರೆ ಮಾಡುವ ಕೆಲಸ ನೋಡಿದರೆ ಸಂಬಂಧ ಇದೆ, ಜಾಸ್ತಿಯೇ ಇದೆ.

ಸಿನಿಮಾ 1968ರದ್ದು, ‘2001: ಎ ಸ್ಪೇಸ್ ಒಡಿಸ್ಸಿ’. ಗುರುಗ್ರಹದ ಕಡೆ ಹೊರಟ ನೌಕೆಯನ್ನು ಹ್ಯಾಲ್ 9000 ಅನ್ನುವ ಕಂಪ್ಯೂಟರ್ ನಡೆಸುತ್ತಿರುತ್ತದೆ. ಭೂಮಿಯ ಕಡೆ ಆಂಟೆನಾ ತಿರುಗಿಸಿ ಇಡುವ ಎಇ-35 ಅನ್ನುವ ಯೂನಿಟ್ 72 ಗಂಟೆಯೊಳಗೆ ಕೆಡುತ್ತದೆ ಅಂತ ಅದು ಹೇಳುತ್ತದೆ. ಬಿಚ್ಚಿ ತಂದು ಪರೀಕ್ಷೆ ಮಾಡಿದರೆ ಯಾವ ದೋಷವೂ ಸಿಗುವುದಿಲ್ಲ. ಭೂಮಿಯಲ್ಲಿರುವ ಇದರ ಜೋಡಿ ಕಂಪ್ಯೂಟರ್ ಕೂಡ ಹ್ಯಾಲ್ ಹೇಳಿದ್ದು ತಪ್ಪು ಅನ್ನುತ್ತದೆ. ಆಮೇಲೆ ಹ್ಯಾಲ್ ನೌಕೆಯಲ್ಲಿದ್ದವರನ್ನೇ ಕೊಲ್ಲೋಕೆ ಶುರು ಮಾಡುತ್ತದೆ.

ಯಂತ್ರಕ್ಕೆ ಕೆಟ್ಟ ಬುದ್ಧಿ ಬಂತು ಅಂತ ಸುಮಾರು ಜನ ಈ ಕಥೆ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಸಿನಿಮಾದ ಕಥೆ ಬರೆದವರಲ್ಲಿ ಒಬ್ಬರಾದ ಆರ್ಥರ್ ಸಿ. ಕ್ಲಾರ್ಕ್ 1982ರಲ್ಲಿ ಬರೆದ ಮುಂದಿನ ಕಾದಂಬರಿಯಲ್ಲಿ ಕಾರಣ ಬಿಡಿಸಿ ಹೇಳಿದ್ದಾರೆ. ಅದನ್ನು ಕಂಡುಹಿಡಿಯುವವನು ಹ್ಯಾಲ್‌ನ ಸೃಷ್ಟಿಕರ್ತ ಚಂದ್ರ, ಭಾರತೀಯ. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು ಅಂತ ಕಟ್ಟಿದ ಯಂತ್ರಕ್ಕೆ, ಪ್ರಯಾಣದ ನಿಜವಾದ ಉದ್ದೇಶವನ್ನು ನೌಕೆಯಲ್ಲಿ ಎಚ್ಚರವಿರುವ ಇಬ್ಬರು ಯಾನಿಗಳಿಗೂ ಹೇಳಬೇಡ ಅಂತ ಮೇಲಿನವರು ಆಜ್ಞೆ ಕೊಟ್ಟಿರುತ್ತಾರೆ. ಎರಡನ್ನೂ ಒಟ್ಟಿಗೆ ಪಾಲಿಸೋಕೆ ಆಗದೆ ಅದು ಕೆಡುತ್ತದೆ. ತಪ್ಪು ಆಜ್ಞೆ ಕೊಟ್ಟವರದು, ಅಲ್ವಾ?

ನಮ್ಮ ಹ್ಯಾಲ್‌ನ ಕೆಲಸವೂ ಮುಚ್ಚಿಡುವುದೇ. ಮನೆಯಲ್ಲಿ ಸ್ವಿಚ್ ಒತ್ತುವವರಿಗೆ ಕರೆಂಟು ಕೊಯ್ನಾದಿಂದ ಬಂತೋ ಚಂದ್ರಾಪುರದಿಂದ ಬಂತೋ ಬೇಕಿಲ್ಲ. ಹಾಗೇ ಮೇಲಿನ ಸಾಫ್ಟ್‌ವೇರ್‌ಗೆ ಕೆಳಗಿರುವ ಚಿಪ್ ಯಾವುದು, ಅದರ ಯಾವ ಪಿನ್ನಿಗೆ ಏನು ಸೇರಿಸಿದೆ ಅನ್ನುವುದು ಬೇಕಿಲ್ಲ. ‘ಉಷ್ಣಾಂಶ ಎಷ್ಟು?’ ಅಂತ ಕೇಳಿದರೆ ಉತ್ತರ ಬಂದರೆ ಸಾಕು. ನಾಳೆ ಚಿಪ್ ಬದಲಾದರೂ ಮೇಲಿನ ಕೋಡ್ ಮುಟ್ಟಬೇಕಾಗಿಲ್ಲ. ವಿಂಡೋಸ್ ಎನ್‌ಟಿಯನ್ನು ಬೇರೆ ಬೇರೆ ಪ್ರೊಸೆಸರ್‌ಗಳ ಮೇಲೆ ಓಡಿಸೋಕೆ ಆಗಿದ್ದು ಇಂಥ ಒಂದು ಪದರ ಇದ್ದದ್ದರಿಂದಲೂ ಹೌದು. ಎಕ್ಸ್‌ಪಿ ಕಾಲದಲ್ಲಿ ‘ಹ್ಯಾಲ್ ಡಾಟ್ ಡಿಎಲ್ಎಲ್ ಕಾಣೆಯಾಗಿದೆ’ ಅಂತ ಕಪ್ಪು ಪರದೆ ಬಂದು ಕಂಗಾಲಾದವರು ತುಂಬಾ ಜನ ಇದ್ದಾರೆ. ಎಷ್ಟೋ ಸಲ ಆ ಫೈಲ್ ಇದ್ದಲ್ಲೇ ಇರುತ್ತಿತ್ತು. ವಿಂಡೋಸ್ ಎಲ್ಲಿದೆ ಅಂತ ಹೇಳುವ ಬೂಟ್ ಡಾಟ್ ಐಎನ್ಐ ಅನ್ನುವ ಫೈಲ್ ಡಿಸ್ಕಿನ ಬೇರೆ ಪಾರ್ಟಿಶನ್ ಕಡೆ ಕೈ ತೋರಿಸುತ್ತಿತ್ತು, ಅಷ್ಟೇ.

ಚಿಪ್ಪಿನ ವಿವರ ಮುಚ್ಚಿಡಲಿ. ತೊಂದರೆಯನ್ನೂ ಮುಚ್ಚಿಟ್ಟರೆ?

ನಮಗೆ ಹೊರಗಿನಿಂದ ಬಂದ ಒಂದು ಹ್ಯಾಲ್‌ನಲ್ಲಿ ಆಗಿದ್ದು ಅದೇ. ಬ್ಯಾಟರಿ ಸೆಲ್‌ಗಳ ನಡುವೆ ಬಿಸಿ ಅಳೆಯುವ ಸೆನ್ಸರ್, ಥರ್ಮಿಸ್ಟರ್ ಇರುತ್ತದೆ. ಭತ್ತದ ಕಾಳಿಗಿಂತ ಸ್ವಲ್ಪ ದೊಡ್ಡದು, ಎರಡು ತೆಳು ವೈರ್. ಬಿಸಿ ಏರಿದ ಹಾಗೆ ಅದರ ರೆಸಿಸ್ಟೆನ್ಸ್ ಇಳಿಯುತ್ತದೆ. ವೈರ್ ಕಿತ್ತು ಬಂದರೆ ವೋಲ್ಟೇಜನ್ನು ಅಂಕಿಯಾಗಿ ಬದಲಿಸುವ ನಮ್ಮ 12 ಬಿಟ್ಟಿನ ಎಡಿಸಿ 4095 ತೋರಿಸುತ್ತದೆ, ಅಂದರೆ ಅದರ ಕೊನೆಯ ಅಂಕಿ. ಸೆನ್ಸರ್ ಇಲ್ಲ ಅನ್ನೋಕೆ ಇದಕ್ಕಿಂತ ಸ್ಪಷ್ಟ ಸುಳಿವು ಬೇಕಿಲ್ಲ. ಆ ಹ್ಯಾಲ್ ಬರೆದವರು ಇದನ್ನು ‘ಕೆಟ್ಟ ಓದು’ ಅಂತ ಎಸೆದು, ಹಿಂದಿನ ಒಳ್ಳೆಯ ಓದನ್ನೇ ಮತ್ತೆ ಮತ್ತೆ ಮೇಲಕ್ಕೆ ಕಳಿಸುವ ಹಾಗೆ ಮಾಡಿದ್ದರು. ಗ್ರಾಫ್ ನೋಡೋಕೆ ನುಣ್ಣಗೆ ಚೆಂದ ಇರಲಿ ಅಂತ ಇರಬೇಕು.

ಹುಡುಗನನ್ನು ಬೆಂಚಿನ ಹತ್ತಿರ ಕರೆದುಕೊಂಡು ಹೋದೆ. ಚಾರ್ಜ್ ಆಗುತ್ತಿದ್ದ ಪ್ಯಾಕ್, ಎರಡು ಸೆನ್ಸರ್, ಎರಡೂ 31 ಡಿಗ್ರಿ. ಒಂದರ ವೈರ್ ಕಿತ್ತೆ. 31. ಸುಮ್ನೆ ನಿಂತು ನೋಡಿದೆವು. ಪಕ್ಕದ್ದು 33 ಆಯಿತು, 34 ಆಯಿತು. ಇದು ಮಾತ್ರ 31 ಬಿಟ್ಟು ಕದಲಲಿಲ್ಲ. ವೈರ್ ನನ್ನ ಕೈಯಲ್ಲಿತ್ತು.

“ಇದು ಸುಳ್ಳು ಹೇಳಾಕತ್ತೈತಲ್ರಿ ಅಕ್ಕಾ!” ಅಂದ.

ನನಗೆ ಸಿಟ್ಟು ಬರುವುದು ಇಲ್ಲೇ. ಇದೇ ಪ್ಯಾಕ್ ಯಾರದೋ ಮನೆಯ ಜಗಲಿಯಲ್ಲಿ ರಾತ್ರಿಯಿಡೀ ಚಾರ್ಜ್‌ಗೆ ಇರುತ್ತದೆ. ಗೊತ್ತಿಲ್ಲ ಅನ್ನುವ ಉತ್ತರಕ್ಕೆ ಜಾಗವೇ ಇಲ್ಲದ ಫಂಕ್ಷನ್ ಬರೆದರೆ ಅದು ಏನಾದರೂ ಒಂದು ಅಂಕಿ ಹೇಳಲೇಬೇಕಾಗುತ್ತದೆ. ಎಸ್‌ಟಿಎಂ32 ಚಿಪ್‌ಗಳ ಜೊತೆ ಬರುವ ಹ್ಯಾಲ್‌ನಲ್ಲಿ ಆ ಜಾಗ ಇದೆ. ಹೆಚ್ಚಿನ ಫಂಕ್ಷನ್‌ಗಳು ಓಕೆ, ಎರರ್, ಬ್ಯುಸಿ, ಟೈಮ್‌ಔಟ್ ಈ ನಾಲ್ಕರಲ್ಲಿ ಒಂದು ಉತ್ತರ ಕೊಡುತ್ತವೆ. ಆ ಉತ್ತರವನ್ನು ನೋಡದೆ ಮುಂದೆ ಹೋಗುವ ಕೋಡ್ ರಿವ್ಯೂಗೆ ಬಂದರೆ ನಾನು ವಾಪಸ್ ಕಳಿಸುತ್ತೇನೆ. ಡೆಡ್‌ಲೈನ್ ಇರಲಿ, ಬಿಡಲಿ.

ಆ ಪದರವನ್ನು ಹುಡುಗನೇ ಕೂತು ತಿದ್ದಿದ. ಈಗ ಅಂಕಿಯ ಜೊತೆ ಅದರ ಸ್ಥಿತಿಯೂ ಮೇಲೆ ಬರುತ್ತದೆ. ವೈರ್ ಕಿತ್ತರೆ ಚಾರ್ಜಿಂಗ್ ನಿಲ್ಲುತ್ತದೆ, ಅಂಕಿಯ ಜಾಗದಲ್ಲಿ ‘ಸೆನ್ಸರ್ ಇಲ್ಲ’ ಅಂತ ತೋರಿಸುತ್ತದೆ. ಉಳಿದಿರುವುದು ಪೂರ್ತಿ ಕೀಳದೆ ಅರ್ಧ ಸಡಿಲವಾದ ವೈರ್‌ನ ತಾಪತ್ರಯ. ಆಗ ಬರುವ ಅಂಕಿ 4095 ಅಲ್ಲ, ನಂಬುವ ಹಾಗೇ ಇರುತ್ತದೆ. ಅದಕ್ಕೆ ಪಕ್ಕದ ಸೆನ್ಸರ್ ಜೊತೆ ಹೋಲಿಸಿ, ಎರಡರ ನಡುವೆ ಎಷ್ಟು ವ್ಯತ್ಯಾಸ ಬಂದರೆ ಅನುಮಾನ ಪಡಬೇಕು ಅಂತ ಈ ವಾರ ಲೆಕ್ಕ ಹಾಕುತ್ತಿದ್ದೇವೆ.