ಸಂಗಮ ಬಿಟ್ಟು ಬಾರದ ದೇವರು, ಊರಿನ ಹಿಂದೆ ಬಂದ ದೇವರು

ಸಂಕ್ರಾಂತಿಗೆ ಕೂಡಲಸಂಗಮಕ್ಕೆ ಹೋಗುವುದು ನಮ್ಮ ಬಾಗಲಕೋಟೆ ಕಡೆಯ ರೂಢಿ. ಕೃಷ್ಣಾ, ಮಲಪ್ರಭಾ ಕೂಡುವಲ್ಲಿ ಮುಳುಗು ಹಾಕಿ, ಸಂಗಮನಾಥನಿಗೆ ಕೈಮುಗಿದು, ದಂಡೆಯ ಮೇಲೆ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆಯ ಬುತ್ತಿ ಬಿಚ್ಚಿದರೆ ಹಬ್ಬ ಆಯ್ತು. ಇದರಲ್ಲಿ ಭಕ್ತಿ ಎಷ್ಟು, ಬುತ್ತಿ ಎಷ್ಟು ಅಂತ ಕೇಳಬೇಡಿ.

ನನಗೆ ಜಾಸ್ತಿ ಹೊತ್ತು ನಿಲ್ಲಬೇಕು ಅನಿಸುವುದು ಬಸವಣ್ಣನವರ ಐಕ್ಯಮಂಟಪದಲ್ಲಿ. ನಾರಾಯಣಪುರ ಅಣೆಕಟ್ಟೆಯ ಹಿನ್ನೀರು ಇಲ್ಲಿಗೆ ಬರುತ್ತದೆ ಅಂತಾದಾಗ ಇದನ್ನು ಬೇರೆ ಕಡೆ ಒಯ್ಯಲಿಲ್ಲ. ಸುತ್ತಲೂ ಎತ್ತರದ ಗೋಡೆ ಎಬ್ಬಿಸಿ, ದೊಡ್ಡ ಬಾವಿಯಂತೆ ಕಟ್ಟಿ, ಇದ್ದಲ್ಲೇ ಉಳಿಸಿದರು. ದಂಡೆಯಿಂದ ಸೇತುವೆ ದಾಟಿ ಮೆಟ್ಟಿಲು ಇಳಿಯಬೇಕು. ಕೆಳಗೆ ಪುಟ್ಟ ಮಂಟಪ, ಲಿಂಗ. ಹಿನ್ನೀರು ತುಂಬಿದ್ದರೆ ಹೊಳೆ ನಮ್ಮ ತಲೆಗಿಂತ ಮೇಲೆ. ನನ್ನ ಮುಂದೆ ಇಳಿಯುತ್ತಿದ್ದ ಅಜ್ಜಿಯೊಬ್ಬರು ಗೋಡೆಗೆ ಅಂಗೈ ಇಟ್ಟು, "ನೀರು ಇಲ್ಲೇ ಐತೇನು ತಮ್ಮಾ?" ಅಂದರು. "ಹೂಂ ಯವ್ವಾ, ಗ್ವಾಡಿ ಆಚೆಗೇ ಐತಿ" ಅಂದೆ. ಆ ಕೈಯನ್ನೇ ಹಣೆಗೆ ಒತ್ತಿಕೊಂಡರು. ಲಿಂಗ ಇನ್ನೂ ಕೆಳಗಿತ್ತು, ಅವರ ಮೊದಲ ನಮಸ್ಕಾರ ಹೊಳೆಗೆ ಹೋಯಿತು. ಆಚೆ ದಂಡೆಗೆ, ವಿಜಯಪುರ ಜಿಲ್ಲೆಯ ತಂಗಡಗಿಯಲ್ಲಿ, ಬಸವಣ್ಣನವರ ಮಡದಿ ನೀಲಮ್ಮನವರ ಐಕ್ಯಸ್ಥಳವನ್ನೂ ಹೀಗೇ ಉಳಿಸಿಕೊಂಡಿದ್ದಾರೆ.

ಕೃಷ್ಣೆ ಹರಿದು ಹೋಗುವ ದಿಕ್ಕಿಗೆ, ಕೆಳಗೆ ತೆಲಂಗಾಣದಲ್ಲಿ ಇನ್ನೊಂದು ಸಂಗಮವಿದೆ, ತುಂಗಭದ್ರೆ ಬಂದು ಕೂಡುವ ಕೂಡವೆಲ್ಲಿ. ಅಲ್ಲಿದ್ದ ಚಾಲುಕ್ಯರ ಕಾಲದ ಸಂಗಮೇಶ್ವರ ಗುಡಿಯನ್ನು ಶ್ರೀಶೈಲ ಯೋಜನೆಯ ಮುಳುಗಡೆಯಿಂದ ಬಿಡಿಸಲು ಕಲ್ಲು ಕಲ್ಲು ಬಿಚ್ಚಿ, ಅಲಂಪುರಕ್ಕೆ ಒಯ್ದು, ಮತ್ತೆ ಜೋಡಿಸಿದರು. ದೊಡ್ಡ ಕೆಲಸ, ತಕರಾರಿಲ್ಲ. ಆದರೆ ಎರಡು ಹೊಳೆ ಕೂಡುವ ಜಾಗವನ್ನು ಲಾರಿಗೆ ಏರಿಸಲು ಆಗುತ್ತದೆಯೇ?

ನಮ್ಮ ಮುಳುಗಡೆ ಊರುಗಳ ದೇವರಿಗೆ ಯಾರೂ ಗೋಡೆ ಕಟ್ಟಲಿಲ್ಲ. ಕೃಷ್ಣೆಯ ಆಲಮಟ್ಟಿ ಅಣೆಕಟ್ಟೆಯ ನೀರು ಬಂದಾಗ ಹನುಮಪ್ಪ, ದ್ಯಾಮವ್ವ ಟ್ರ್ಯಾಕ್ಟರ್ ಹತ್ತಿ ಪುನರ್ವಸತಿ ಕೇಂದ್ರಕ್ಕೆ ಬಂದರು. ಅದಕ್ಕೆ ನನಗೆ ಬೇಜಾರಿಲ್ಲ. ಸಂಗಮನಾಥ ಹೊಳೆಯ ದೇವರು, ಹನುಮಪ್ಪ ಊರಿನ ದೇವರು. ಊರು ಎದ್ದು ಹೋದ ಮೇಲೆ ಅವನೊಬ್ಬನೇ ಅಲ್ಲಿ ಕೂತು ಮಾಡುವುದೇನು? ಬೇಜಾರು ಹಳೇ ಗುಡಿಯ ಕಂಬಗಳದ್ದು. ಮೂರ್ತಿ ತಂದರು, ಕಂಬ ಬಿಟ್ಟರು. ಸಂಜೆ ಹೊತ್ತು ಹಿರಿಯರು ಒರಗಿ ಕೂತು ಕೂತು ಆ ಕಂಬಗಳು ನಡು ಮಟ್ಟದಲ್ಲಿ ನುಣ್ಣಗಾಗಿದ್ದವು. ಹೊಸ ಗುಡಿಯಲ್ಲಿ ಟೈಲ್ಸ್ ಇದೆ, ಫ್ಯಾನ್ ಇದೆ. ಒರಗಿದರೆ ಬೆನ್ನಿಗೆ ಸುಣ್ಣ ಹತ್ತುತ್ತದೆ.

ಈಗ ಆಲಮಟ್ಟಿಯ ನೀರಿನ ಮಟ್ಟವನ್ನು 519.60 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸುವ ಯೋಜನೆ ಇದೆ. ಏರಿಸಿದರೆ ಹಳೇ ಬಾಗಲಕೋಟೆಯ ಇನ್ನಷ್ಟು ಓಣಿಗಳು ಹೋಗುತ್ತವೆ. ಮನೆ, ಹೊಲದ ಪರಿಹಾರದ ಲೆಕ್ಕ ಹೇಗೂ ನಡೆಯುತ್ತದೆ. ಗುಡಿ, ಮಠ, ದರ್ಗಾಗಳ ಕಂಬಕ್ಕೆ, ಬಾಗಿಲ ಚೌಕಟ್ಟಿಗೆ ನಂಬರ್ ಬರೆದು, ಫೋಟೊ ತೆಗೆದು ಇಡುವವರು ಯಾರು? ಸರ್ಕಾರದ ದಾರಿ ಕಾಯುತ್ತ ಸುಮ್ನೆ ಕೂರುವುದು ಬೇಡ. ಮೊಬೈಲ್ ಎಲ್ಲರ ಕೈಯಲ್ಲೂ ಇದೆ ಅಲ್ವಾ? ಶ್ರಾವಣ ಸೋಮವಾರ ಗುಡಿಗೆ ಹೋದಾಗ ಕಾಯಿ ಒಡೆಸಿದ ಮೇಲೆ ಒಂದೊಂದು ಕಂಬದ ಫೋಟೊ ತೆಗೆದರೆ, ಅದನ್ನೂ ಸೇವೆ ಅಂತಲೇ ದೇವರು ಲೆಕ್ಕಕ್ಕೆ ಹಿಡಿಯುತ್ತಾನೆ.