ಮಂಗಳೂರಿನಿಂದ ಮೈಸೂರಿನ ರತ್ನಸಿಂಹಾಸನದ ದರ್ಶನಕ್ಕೆ

ಮೈಸೂರು ಅರಮನೆಯ ರತ್ನಸಿಂಹಾಸನವನ್ನು ನೋಡಲು ಮಂಗಳೂರಿನಿಂದ ಹೊರಡುವವರು ಟಿಕೆಟಿಗಿಂತ ಮೊದಲು ಪಂಚಾಂಗವನ್ನು ನೋಡಬೇಕು. ವರ್ಷದ ಬಹುಕಾಲ ಅದರ ಬಿಡಿಭಾಗಗಳು ಭದ್ರತಾ ಕೊಠಡಿಯಲ್ಲಿರುತ್ತವೆ. ನವರಾತ್ರಿಗೆ ಕೆಲವು ದಿನ ಮುಂಚೆ ಜೋಡಿಸಿ, ಹಬ್ಬ ಮುಗಿದ ಬಳಿಕ ಬಿಚ್ಚಿಡುತ್ತಾರೆ. ಇದನ್ನು ತಿಳಿಯದೆ ಒಮ್ಮೆ ಬೇಸಗೆ ರಜೆಯಲ್ಲಿ ಅಮ್ಮನನ್ನು ಕರೆದೊಯ್ದು ನಿರಾಸೆಯಿಂದ ಮರಳಿದ್ದೆ. ಅವರ ಆಸೆ ಈಡೇರಿದ್ದು ಕಳೆದ ನವರಾತ್ರಿಯಲ್ಲಿ.

ಬಿಜೈ ನಿಲ್ದಾಣದಿಂದ ರಾತ್ರಿ ಬಸ್ಸು ಹಿಡಿದರೆ ಪುತ್ತೂರು, ಸುಳ್ಯ, ಮಡಿಕೇರಿ ಮಾರ್ಗವಾಗಿ ಬೆಳಗ್ಗೆ ಮೈಸೂರು ಸೇರಬಹುದು. ಮಳೆ ಜೋರಾಗಿದ್ದರೆ ಸಂಪಾಜೆ ಘಾಟಿಯ ಸ್ಥಿತಿಯನ್ನು ವಿಚಾರಿಸಿಕೊಂಡೇ ಹೊರಡಿ. ಕೊಠಡಿಯನ್ನು ತಿಂಗಳ ಮುಂಚೆಯೇ ಕಾಯ್ದಿರಿಸಿ. ಖಾಸಗಿ ದರ್ಬಾರಿನ ವೇಳೆ ಸಾರ್ವಜನಿಕರಿಗೆ ಪ್ರವೇಶವಿರುವುದಿಲ್ಲವಾದ್ದರಿಂದ ಹಿಂದಿನ ದಿನವೇ ಸಮಯವನ್ನು ಖಚಿತಪಡಿಸಿಕೊಂಡು, ಹತ್ತು ಗಂಟೆಗೆ ಬಾಗಿಲು ತೆರೆಯುವ ಮೊದಲೇ ಸರದಿಯಲ್ಲಿ ನಿಲ್ಲುವುದು ಒಳ್ಳೆಯದು.

ಸಿಂಹಾಸನದ ಮುಂದೆ ನಿಂತಾಗ ಬಂಗಾರದ ಹೊಳಪಿಗೆ ಕಣ್ಣು ಸೋಲುವುದು ಸಹಜ. ಆದರೆ ದೃಷ್ಟಿಯನ್ನು ಛತ್ರದ ತುದಿಗೆ ಎತ್ತಿ: ಅಲ್ಲಿ ರತ್ನಖಚಿತವಾದ ಹುಮಾ ಪಕ್ಷಿಯಿದೆ. ಅದರ ನೆರಳು ಯಾರ ತಲೆಯ ಮೇಲೆ ಬೀಳುವುದೋ ಅವರಿಗೆ ಅರಸುತನ ಒಲಿಯುತ್ತದೆ ಎಂಬುದು ಪರ್ಷಿಯಾದಿಂದ ಬಂದ ನಂಬಿಕೆ. ಟಿಪ್ಪುವಿನ ಸಿಂಹಾಸನದ ಮೇಲೂ ವಜ್ರ, ಮಾಣಿಕ್ಯ, ಪಚ್ಚೆಗಳನ್ನು ಕೂರಿಸಿದ ಚಿನ್ನದ ಹುಮಾ ಇತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅದು ಇಂಗ್ಲೆಂಡಿನ ರಾಜಮನೆತನದ ಸಂಗ್ರಹವನ್ನು ಸೇರಿತು. ಎದುರಿಗಿರುವ ಹಕ್ಕಿಯನ್ನು ನೋಡುತ್ತಿರುವಾಗ ದೂರ ಹೋದ ಆ ಹಕ್ಕಿಯೇ ನನ್ನ ಮನಸ್ಸನ್ನು ತುಂಬಿತ್ತು.

ರತ್ನಗಳ ಸಂಕೇತವನ್ನು ಸ್ವಲ್ಪ ಓದಿಕೊಂಡು ಹೋದರೆ ನೋಟಕ್ಕೆ ಆಳ ಬರುತ್ತದೆ. ಅಮ್ಮ ತಮ್ಮ ನವರತ್ನದ ಉಂಗುರವನ್ನೇ ತೋರಿಸಿ ಸರದಿಯಲ್ಲಿ ನನಗೆ ಪಾಠ ಹೇಳಿದರು: ನಡುವಿನ ಮಾಣಿಕ್ಯ ಸೂರ್ಯನದು, ಆದ್ದರಿಂದ ಅದು ರಾಜರತ್ನ, ಮುತ್ತು ಚಂದ್ರನದು, ಹವಳ ಮಂಗಳನದು, ಬುದ್ಧಿಯನ್ನು ಪ್ರತಿನಿಧಿಸುವ ಪಚ್ಚೆ ಬುಧನದು, ಪುಷ್ಯರಾಗ ಗುರುವಿನದು, ವಜ್ರ ಶುಕ್ರನದು, ನೀಲ ಶನಿಯದು, ಗೋಮೇಧಿಕ ರಾಹುವಿನದು, ವೈಡೂರ್ಯ ಕೇತುವಿನದು. ಗ್ರಹಫಲವನ್ನು ನಂಬುವುದು ಬಿಡುವುದು ಅವರವರಿಗೆ ಸೇರಿದ್ದು. ಆದರೆ ನವರತ್ನ ಧರಿಸಿದ ಅರಸನು ತನ್ನ ಸುತ್ತ ಇಡೀ ಗ್ರಹಮಂಡಲವನ್ನೇ ಕಟ್ಟಿಕೊಳ್ಳುತ್ತಿದ್ದನೆಂಬ ಕಲ್ಪನೆ ನನಗೆ ಬಹಳ ಸುಂದರವಾಗಿ ತೋರುತ್ತದೆ.

ಸಿಂಹಾಸನದ ಚಿತ್ರ ತೆಗೆಯಲು ಅನುಮತಿಯಿಲ್ಲ. ಸರದಿ ಬೇಗ ಸಾಗುವುದರಿಂದ ನಿಲ್ಲಲು ಸಿಗುವುದು ಕೆಲವೇ ಕ್ಷಣ. ಮಧ್ಯಾಹ್ನ ಸಮೀಪದ ಜಗನ್ಮೋಹನ ಅರಮನೆಯ ಚಿತ್ರಶಾಲೆಗೂ ಹೋಗಿ. ಒಡವೆಗಳನ್ನು ಅರಸರು ಹೇಗೆ ತೊಡುತ್ತಿದ್ದರು ಎಂಬುದನ್ನು ಅಲ್ಲಿನ ಭಾವಚಿತ್ರಗಳಲ್ಲಿ ಸಾವಕಾಶವಾಗಿ ನೋಡಬಹುದು. ಪೇಟದ ತುರಾಯಿಯಿಂದ ಎದೆಯ ಮುತ್ತಿನ ಹಾರದವರೆಗೆ ಒಂದೊಂದನ್ನೂ ಗುರುತಿಸುತ್ತ ಅಮ್ಮ ಅಲ್ಲಿಯೇ ಎರಡು ಗಂಟೆ ಕಳೆದರು.