ನಾಲ್ಕರ ಮಗ್ಗಿಯ ಮನೆಗಳು

ಸರ್ವರ್ ರೂಮಿನ ಸದ್ದಿನಲ್ಲಿ ಪಕ್ಕದವರ ಮಾತೂ ಕೇಳಿಸುವುದಿಲ್ಲ. ಹಾಗಾಗಿ ಕೂಗಿಯೇ ಎಣಿಸಿದೆವು: ಒಂದು, ಎರಡು, ಮೂರು. ಗೆಳೆಯ ಒಂದು ವೈರು ಎಳೆದ, ನಾನೊಂದು. ಸರ್ವರಿಗೆ ಎರಡು ಪವರ್ ಸಪ್ಲೈ. ಒಂದನ್ನಷ್ಟೇ ಕಿತ್ತರೆ ಅದು ಕ್ಯಾರೇ ಅನ್ನುವುದಿಲ್ಲ. ತಪ್ಪಿ ಬೇರೆಯವರ ಯಂತ್ರದ ವೈರು ಕೀಳಬಾರದೆಂದು ನಮ್ಮ ಎರಡಕ್ಕೂ ಮೊದಲೇ ಕೆಂಪು ಟೇಪು ಸುತ್ತಿದ್ದೆವು. ಫ್ಯಾನುಗಳು ಸುಯ್ಯೆಂದು ಇಳಿದು ನಿಂತವು. 2021ರ ಒಂದು ಶನಿವಾರ, ಬೆಂಗಳೂರು. ವಾರವಿಡೀ ಆ ಯಂತ್ರವನ್ನು ನಾಲ್ಕಾರು ಜನ ಬಳಸುತ್ತಿದ್ದರು, ಸಾಯಿಸಲು ನಮಗೆ ಸಿಕ್ಕಿದ್ದು ಶನಿವಾರ ಮಾತ್ರ.

ಅದರೊಳಗೆ ಇಂಟೆಲ್‌ನ ಆಪ್ಟೇನ್ ಮಾಡ್ಯೂಲುಗಳಿದ್ದವು. 2019ರಲ್ಲಿ ಮಾರುಕಟ್ಟೆಗೆ ಬಂದ ಪರ್ಸಿಸ್ಟೆಂಟ್ ಮೆಮೊರಿ ಅದು. ರ‍್ಯಾಮ್ ಕೂರುವ ಜಾಗದಲ್ಲೇ ಕೂರುತ್ತದೆ, ರ‍್ಯಾಮ್‌ನಂತೆಯೇ ಬೈಟು ಬೈಟಾಗಿ ಓದಿ ಬರೆಯಬಹುದು, ಕರೆಂಟು ಹೋದರೂ ಮರೆಯುವುದಿಲ್ಲ. ಅದರ ಮೇಲೆ ಒಂದು ಬಿ ಪ್ಲಸ್ ಟ್ರೀ ಇಂಡೆಕ್ಸ್ ಕಟ್ಟುವುದು ನನ್ನ ಕೆಲಸ: ಕೀ ಕೊಟ್ಟರೆ ಅದರ ವ್ಯಾಲ್ಯೂ ಬೇಗ ಹುಡುಕಿಕೊಡುವ ಮರ, ಕೀ-ವ್ಯಾಲ್ಯೂ ಜೋಡಿಗಳಿರುವುದು ಅದರ ತುದಿಯ ಎಲೆಗಳಲ್ಲಿ. ಮೆಮೊರಿಯೇ ಮರೆಯುವುದಿಲ್ಲ ಅಂದಮೇಲೆ ಇದರಲ್ಲೇನು ಕಷ್ಟ ಅನ್ನಿಸಬಹುದು. ನನಗೂ ಮೊದಲು ಅನ್ನಿಸಿತ್ತು. ಕಷ್ಟವಿರುವುದು ನಡುವಿನ ಕ್ಯಾಶ್‌ನಲ್ಲಿ. ನಾವು ಬರೆದದ್ದು ಮೊದಲು ಪ್ರೊಸೆಸರಿನೊಳಗಿನ ಪುಟ್ಟ ವೇಗದ ಮೆಮೊರಿಗೆ, ಅಂದರೆ ಕ್ಯಾಶ್‌ಗೆ ಹೋಗುತ್ತದೆ. ಅಲ್ಲಿಂದ 64 ಬೈಟಿನ ಒಂದೊಂದು ಲೈನಾಗಿ, ತನಗೆ ತೋಚಿದಾಗ, ತನಗೆ ತೋಚಿದ ಕ್ರಮದಲ್ಲಿ ಕೆಳಗಿಳಿಯುತ್ತದೆ. ನಮ್ಮ ಯಂತ್ರದಲ್ಲಿ ಕರೆಂಟು ಹೋದರೆ ಮೆಮೊರಿಯ ಬಾಗಿಲು ಕಾಯುವ ಮೆಮೊರಿ ಕಂಟ್ರೋಲರಿನ ಸಾಲಿನವರೆಗೆ ತಲುಪಿದ್ದಷ್ಟೇ ಬದುಕುತ್ತಿತ್ತು, ಕ್ಯಾಶ್‌ನಲ್ಲಿದ್ದದ್ದು ಮಣ್ಣುಪಾಲು. ಅದಕ್ಕೇ ಪ್ರತಿ ಲೈನನ್ನೂ ನಾವೇ ಫ್ಲಶ್ ಮಾಡಿ (ಕೆಳಕ್ಕೆ ತಳ್ಳಿ), ಫೆನ್ಸ್ ಹಾಕಿ (ಅದು ಮುಗಿಯುವ ತನಕ ಕಾದು), ಆಮೇಲೆ ಮುಂದಿನ ಹೆಜ್ಜೆ ಇಡಬೇಕು. ಇಷ್ಟೆಲ್ಲದರ ನಡುವೆ ತುಂಡಾಗದೆ ಒಂದೇ ಏಟಿಗೆ ಬರೆಯಬಹುದಾದದ್ದು ಬರೀ 8 ಬೈಟು.

ಆ 8 ಬೈಟನ್ನೇ ನಂಬಿ ಎಲೆ ಕಟ್ಟುವ ಉಪಾಯ 2015ರ ಡಬ್ಲ್ಯುಬಿ ಪ್ಲಸ್ ಟ್ರೀ, 2016ರ ಎಫ್‌ಪಿ ಟ್ರೀ ಪ್ರಬಂಧಗಳಲ್ಲಿದೆ. ಎಲೆಯಲ್ಲಿ ಕೀಗಳನ್ನು ಕ್ರಮವಾಗಿ ಜೋಡಿಸುವ ಗೋಜಿಗೆ ಹೋಗುವುದೇ ಬೇಡ. ಖಾಲಿ ಮನೆಯೊಂದನ್ನು ಹಿಡಿದು ಕೀ, ವ್ಯಾಲ್ಯೂ ಎರಡನ್ನೂ ಅಲ್ಲಿಟ್ಟು ಫ್ಲಶ್ ಮಾಡು. ಕೊನೆಗೆ ಎಲೆಯ ತಲೆಯಲ್ಲಿರುವ, ಯಾವ ಮನೆ ತುಂಬಿದೆ ಎಂದು ಮನೆಗೊಂದು ಬಿಟ್ಟಿನಂತೆ ಗುರುತಿಡುವ ಬಿಟ್‌ಮ್ಯಾಪಿನಲ್ಲಿ ಆ ಮನೆಯ ಬಿಟ್ ಏರಿಸು. ಸಾಮಾನೆಲ್ಲ ಇಳಿಸಿಯಾದ ಮೇಲೆ ಬಾಗಿಲಿಗೆ ಹೆಸರಿನ ಬೋರ್ಡು ಹಾಕಿದ ಹಾಗೆ. ಬೋರ್ಡು ಬೀಳುವ ಮುಂಚೆ ಕರೆಂಟು ಹೋದರೆ ಆ ಮನೆಗೆ ಯಾರೂ ಬಂದೇ ಇಲ್ಲ.

ಅದನ್ನೇ ಬರೆದಿದ್ದೆ. ಪರೀಕ್ಷೆಯನ್ನೂ ಮಾಡಿದ್ದೆ. ಪ್ರೋಗ್ರಾಮು ಕೀಗಳನ್ನು ತುಂಬುತ್ತಿರುವಾಗ ಎಲ್ಲೆಂದರಲ್ಲಿ 'ಕಿಲ್ ಮೈನಸ್ ನೈನ್' (ಪ್ರೋಗ್ರಾಮನ್ನು ಥಟ್ಟನೆ ಕೊಲ್ಲುವ ಆಜ್ಞೆ) ಕೊಟ್ಟು, ಮತ್ತೆ ಎಬ್ಬಿಸಿ, ಎಲ್ಲ ಸರಿಯಿದೆಯೇ ನೋಡುವ ಸ್ಕ್ರಿಪ್ಟು. ಎರಡು ರಾತ್ರಿ ಓಡಿಸಿ 10,000 ಸಲ ಕೊಂದೆ, ಒಂದೂ ತಪ್ಪಿಲ್ಲ. ಗ್ರಾಫು ಬಿಡಿಸಿಕೊಂಡು ಗೈಡ್ ಮುಂದೆ ಹೋದರೆ ಅವರು ಗ್ರಾಫು ನೋಡಲೇ ಇಲ್ಲ. "ಕರೆಂಟ್ ತೆಗೆದು ನೋಡಿದ್ಯಾ?" ಅಂದರು. ಕೊಂದರೂ ಅಷ್ಟೇ ಅಲ್ವಾ ಸರ್, ಎಂದು ಹೇಳಲು ಬಾಯಿ ತೆರೆದವನು ಅರ್ಧಕ್ಕೇ ಮುಚ್ಚಿದೆ. ಪ್ರೋಗ್ರಾಮು ಸತ್ತರೆ ಕ್ಯಾಶ್‌ಗೆ ಏನೂ ಆಗುವುದಿಲ್ಲ. ಅದರಲ್ಲಿದ್ದದ್ದು ನಿಧಾನಕ್ಕೆ ಮೆಮೊರಿಗೆ ಇಳಿದೇ ಇಳಿಯುತ್ತದೆ. ಫ್ಲಶ್ ಸಾಲುಗಳನ್ನೆಲ್ಲ ಅಳಿಸಿಹಾಕಿದ್ದರೂ ನನ್ನ ಪರೀಕ್ಷೆ ಪಾಸಾಗುತ್ತಿತ್ತು. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ ಅನ್ನುವುದೇ ಹೆಚ್ಚು ನಾಚಿಕೆ.

ಹಾಗಾಗಿ ಶನಿವಾರದ ವೈರು. ಆ ಯಂತ್ರ ಎದ್ದು ಕೂರಲು ಏಳೆಂಟು ನಿಮಿಷ ಬೇಕಿತ್ತು. ಟೀ ಕುಡಿದು ಬಂದು ತಪಾಸಣೆ ಓಡಿಸಿದರೆ ಪರದೆ ತುಂಬ ಕೆಂಪು ಸಾಲು. ನಾಲ್ಕು ಸಾವಿರ ಚಿಲ್ಲರೆ ತಪ್ಪು. ಎಲ್ಲವೂ ಒಂದೇ ಜಾತಿಯವು: ಬಿಟ್ ಏರಿದೆ, ಕೀ ಸರಿಯಾಗಿದೆ, ವ್ಯಾಲ್ಯೂ ಸೊನ್ನೆ. ಕೆಲವು ಕಡೆ ಸೊನ್ನೆಯೂ ಅಲ್ಲ, ಹಿಂದೆ ಆ ಮನೆಯಲ್ಲಿದ್ದ ಇನ್ಯಾವುದೋ ಕೀಯ ವ್ಯಾಲ್ಯೂ. ಸೊನ್ನೆಯಾದರೆ ಕಣ್ಣಿಗೆ ಹೊಡೆಯುತ್ತದೆ; ಹಳೇ ಬಾಡಿಗೆದಾರನ ಸಾಮಾನನ್ನು ಹೊಸಬನದು ಎಂದು ಕೊಟ್ಟರೆ ಯಾರಿಗೆ ಅನುಮಾನ ಬಂದೀತು?

ಗೆಳೆಯ ತಪ್ಪಾದ ಮನೆಗಳ ನಂಬರನ್ನು ಒಂದೊಂದಾಗಿ ಓದುತ್ತಾ ಹೋದ. ಎಂಟು. ಇಪ್ಪತ್ತೆಂಟು. ಹನ್ನೆರಡು. ಮೂವತ್ತಾರು. ಮತ್ತೆ ಎಂಟು. "ಲೋ, ಇದು ನಾಲ್ಕರ ಮಗ್ಗಿ ಕಣೋ" ಅಂದ.

ಟೀ ಅಂಗಡಿಯ ಬಿಲ್ಲಿನ ಹಿಂದೆ ಲೆಕ್ಕ ಹಾಕಿದೆ. ಮೊದಲು ಎಲೆಯ ತಲೆ ಸರಿಯಾಗಿ 64 ಬೈಟಿತ್ತು: ಬಿಟ್‌ಮ್ಯಾಪಿಗೆ 8, ಮನೆಗೊಂದು ಬೈಟಿನಂತೆ ಕೀಯ ಗುರುತು ಹಿಡಿಯುವ ಫಿಂಗರ್‌ಪ್ರಿಂಟಿಗೆ 48, ಪಕ್ಕದ ಎಲೆಯ ವಿಳಾಸಕ್ಕೆ (ಪಾಯಿಂಟರ್) 8. ಎರಡು ವಾರದ ಹಿಂದೆ, ಎಲೆಯನ್ನು ಓದುವವರು ಬೀಗ (ಲಾಕ್) ಹಿಡಿಯದೆಯೇ, ನಡುವೆ ಅದು ಬದಲಾಯಿತೇ ಎಂದು ತಿಳಿಯಲಿ ಅಂತ 8 ಬೈಟಿನ ವರ್ಷನ್ ನಂಬರ್ ಸೇರಿಸಿದ್ದೆ. ತಲೆ 72 ಆಯಿತು. ಒಂದು ಮನೆಗೆ 16 ಬೈಟು, ಅಂದರೆ ಮನೆಗಳು ಶುರುವಾಗುವುದು 72, 88, 104, 120ರಲ್ಲಿ. 128ಕ್ಕೆ ಲೈನು ಮುಗಿಯುತ್ತದೆ. ನಾಲ್ಕನೇ ಮನೆಯ ಕೀ ಈಚೆ ಲೈನಿನಲ್ಲಿ, ವ್ಯಾಲ್ಯೂ ಆಚೆ ಲೈನಿನಲ್ಲಿ. ನಾನು ಫ್ಲಶ್ ಮಾಡುತ್ತಿದ್ದದ್ದು ಈಚೆಯದನ್ನು ಮಾತ್ರ. ಇಂಟೆಲ್‌ನದೇ ಲೈಬ್ರರಿಯ ಫಂಕ್ಷನ್ನು ಉದ್ದ ಕೇಳಿಕೊಂಡು ಅದು ಮುಟ್ಟುವ ಲೈನುಗಳನ್ನೆಲ್ಲ ಇಳಿಸುತ್ತದೆ. ಅದು ನಿಧಾನ ಎಂದು ನಾನೇ ಕೈಯಾರೆ ಒಂದು ಮ್ಯಾಕ್ರೋ (ಪುಟ್ಟ ಕೋಡು ತುಣುಕು) ಬರೆದುಕೊಂಡಿದ್ದೆ. ಐದನೇ ಮನೆಗೆ ಯಾರಾದರೂ ಬಂದರೆ ಅವರ ಫ್ಲಶ್ ಜೊತೆ ನಾಲ್ಕನೆಯವನ ವ್ಯಾಲ್ಯೂ ಕೂಡ ಪುಕ್ಕಟೆಯಾಗಿ ಇಳಿದುಬಿಡುತ್ತಿತ್ತು. ಹಾಗಾಗಿ ಕೆಟ್ಟದ್ದು ಪಕ್ಕದ ಮನೆಗೆ ಇನ್ನೂ ಯಾರೂ ಬಾರದಿದ್ದವು ಮಾತ್ರ.

ಮ್ಯಾಕ್ರೋ ಕಿತ್ತೆಸೆದೆ. ಎಲೆಗೆ 48ರ ಬದಲು 40 ಮನೆ ಮಾಡಿದೆ, ತಲೆ ಮತ್ತೆ 64ಕ್ಕೆ ಬಂತು. ಸಂಜೆಯೊಳಗೆ ಇನ್ನೂ ಒಂಬತ್ತು ಸಲ ವೈರು ಕಿತ್ತೆವು. ಆರನೆಯದೋ ಏಳನೆಯದೋ ಹೊತ್ತಿಗೆ ಎಲೆಕ್ಟ್ರಿಷಿಯನ್ ಇಣುಕಿ, "ಕರೆಂಟ್ ಇದ್ಯಲ್ಲಾ ಸಾರ್, ನೀವ್ಯಾಕೆ ತೆಗೀತಿದ್ದೀರಾ?" ಎಂದು ಕೇಳಿದರು. ಏನು ಹೇಳುವುದು? ಹೋದಾಗ ಏನಾಗುತ್ತೆ ನೋಡೋಣ ಅಂತ, ಅಂದೆ. ಅವರು ನಗಲಿಲ್ಲ.

ಆಮೇಲೆ ಓದುವಾಗ ಗೊತ್ತಾಯಿತು: 2019ರ ರೆಸಿಪಿ ಎಂಬ ಪ್ರಬಂಧದವರು, ಅದಾಗಲೇ ಹೆಸರು ಮಾಡಿದ್ದ ಫಾಸ್ಟ್ ಅಂಡ್ ಫೇರ್ ಮತ್ತು ಸಿಸಿಇಎಚ್ ಇಂಡೆಕ್ಸುಗಳಲ್ಲೂ ತಪ್ಪು ಹಿಡಿದಿದ್ದರು. ನಾನೊಬ್ಬನೇ ಅಲ್ಲವಲ್ಲ ಎಂದು ತುಸು ಸಮಾಧಾನವಾಯಿತು, ಸುಳ್ಳೇಕೆ. ಇನ್ನೊಂದು ತಮಾಷೆ: 2021ರ ಹೊತ್ತಿಗೆ ಬಂದಿದ್ದ, ಇಂಟೆಲ್‌ನ ಸರ್ವರ್ ಪ್ರೊಸೆಸರುಗಳಾದ ಮೂರನೇ ತಲೆಮಾರಿನ ಝಿಯಾನ್‌ಗಳಲ್ಲಿ ಕರೆಂಟು ಹೋದಾಗ ಕ್ಯಾಶ್ ಕೂಡ ಉಳಿಯುವ ಏರ್ಪಾಡು ಸಾಧ್ಯವಿತ್ತು. ಅಂಥ ಯಂತ್ರದಲ್ಲಿ ನನ್ನ ತಪ್ಪು ತಪ್ಪೇ ಅಲ್ಲ. 2022ರ ಜುಲೈಯಲ್ಲಿ ಇಂಟೆಲ್ ಆಪ್ಟೇನ್ ವ್ಯವಹಾರವನ್ನೇ ಮುಚ್ಚುವುದಾಗಿ ಹೇಳಿತು.

ಯಂತ್ರ ಈಗ ಬೇರೆ ಯಾವುದೋ ಕೆಲಸಕ್ಕೆ ಓಡುತ್ತಿದೆ. ಹೋದ ಸಲ ಆ ರೂಮಿಗೆ ಹೋದಾಗ ಎರಡು ವೈರುಗಳ ಮೇಲೆ ಕೆಂಪು ಟೇಪು ಹಾಗೇ ಇತ್ತು. ಹೊಸ ಹುಡುಗನೊಬ್ಬ ನನ್ನ ಕೈ ಹತ್ತಿರ ಹೋದದ್ದು ನೋಡಿ ಓಡಿಬಂದ. "ಅದನ್ನ ಮಾತ್ರ ಮುಟ್ಬೇಡಿ ಸರ್, ಮುಟ್ಟಬಾರದು ಅಂತಾನೇ ಕೆಂಪು ಟೇಪು ಹಾಕಿದ್ದಾರೆ."